ರಟ್ಟೆ ಕಾರಿನ ಒಣಗದ ಬಣ್ಣ

ಬಣ್ಣ ಒಣಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ತಂಗಿ ಗೌರಿಗೆ, "ಒಣಗ್ಬುಟ್ಟದೆ ಕಣಮ್ಮಿ, ಹೊಡಿ" ಎಂದೆ. ಅವಳು ನಂಬಿದಳು, ಮೇಲೆ ಹೊಳಪಿನ ಕೋಟು ಹೊಡೆದಳು. ಮೂರು ತಿಂಗಳು ಕೂತು ಅವಳು ಮಾಡಿದ್ದ ಕಾರು ನಮ್ಮಿಬ್ಬರ ಕಣ್ಣೆದುರಿಗೇ ಕೆಟ್ಟುಹೋಯಿತು. ಆಮೇಲೆ ಅಪ್ಪ ಕೇಳಿದಾಗ ಇನ್ನೊಂದು ಸುಳ್ಳು ಹೇಳಿದೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ಇಪ್ಪತ್ತು ವರ್ಷದಿಂದ ತೂಗುತ್ತಲೇ ಇದ್ದೇನೆ — ಇನ್ನೂ ತೀರ್ಮಾನವಾಗಿಲ್ಲ.

ಕಾರೆಂದರೆ ಹದಿನೇಳು ಇಂಚು ಉದ್ದದ ಆಟಿಕೆ — ನೋಡಿ, ಆಟಿಕೆ ಎಂದೇ ಬರೆದುಬಿಟ್ಟೆ. ಇಷ್ಟು ವರ್ಷದ ಮೇಲೂ ಅದನ್ನು ಚಿಕ್ಕದು ಮಾಡುವ ಬುದ್ಧಿ ನನ್ನನ್ನು ಬಿಟ್ಟಿಲ್ಲ. ಅದರ ಬಾನೆಟ್ ಎತ್ತಿದರೆ ಒಳಗೆ ಎಂಟು ಸಿಲಿಂಡರಿನ ಎಂಜಿನ್ ಕಾಣುತ್ತಿತ್ತು. ಬಾಗಿಲುಗಳು ತೆರೆಯುತ್ತಿದ್ದವು. ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳು ತಿರುಗುತ್ತಿದ್ದವು. ಅಂಥದ್ದನ್ನು ಗುಂಡ್ಲುಪೇಟೆಯಲ್ಲಿ ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ, ಆಮೇಲೆ ಮಾಡಿದವರನ್ನೂ ನಾನು ಕಾಣೆ.

ಊಟಿ ರಸ್ತೆಯ ಬದಿಯಲ್ಲಿ ಅಪ್ಪನದು ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡು. ಎರಡು ಸಾವಿರದ ಮೂರೋ ನಾಲ್ಕೋ ಇಸವಿಯ ಮಾತು. ಬಂಡೀಪುರದ ದಾರಿಯನ್ನು ಆಗಿನ್ನೂ ರಾತ್ರಿ ಮುಚ್ಚುತ್ತಿರಲಿಲ್ಲ; ಕೇರಳದ ಲಾರಿಗಳು ಎಡೆಬಿಡದೆ ಬರುತ್ತಿದ್ದವು, ನಮಗೆ ಕೈತುಂಬ ಕೆಲಸ. ನಾನು ಮಾದೇವಿ, ದೊಡ್ಡವಳು. ಪುಣಜನೂರಿಗೆ ಮದುವೆಯಾಗಿ ಹೋಗಿ, ಎರಡೇ ವರ್ಷಕ್ಕೆ ಬಾಳುವೆ ಕೆಟ್ಟು, ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದವಳು. ಯಾಕೆ ಬಂದೆ ಎಂದು ಅಪ್ಪ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಕೈಗೆ ಬ್ರಶ್ಶು ಕೊಟ್ಟು, "ಈ ಗಾಡಿ ಮೇಲೆ ಮಾದಪ್ಪನ ಹೆಸ್ರು ಬರಿ ನೋಡನ" ಎಂದರು. ಬರೆದೆ. ಅಂದಿನಿಂದ ಲಾರಿಯ ಹಣೆಯ ಮೇಲಿನ ದೇವರ ಹೆಸರು, ಹಿಂದಿನ ಹಲಗೆಯ ಹಂಸ, ತಾವರೆ, ಮಾಲೀಕನ ಮಕ್ಕಳ ಹೆಸರು ಎಲ್ಲ ನನ್ನ ಕೈಯದೇ. "ಮಾದೇವಕ್ಕನೇ ಬರೀಲಿ" ಎಂದು ಡ್ರೈವರುಗಳು ಕಾದು ಬರೆಸಿಕೊಳ್ಳುತ್ತಿದ್ದರು. ಗಂಡನ ಮನೆ ಬಿಟ್ಟು ಬಂದವಳೆಂದು ಬೀದಿಯಲ್ಲಿ ಆಡಿಕೊಳ್ಳುವವರಿಗೆ ಆ ಅಕ್ಷರಗಳೇ ನನ್ನ ಉತ್ತರವಾಗಿದ್ದವು. ನನಗೆ ಅಂತ ಇದ್ದದ್ದು ಅಪ್ಪನ ಪಕ್ಕದ ಆ ಜಾಗ ಒಂದೇ.

ನಮ್ಮ ಶೆಡ್ಡಿನ ಒಂದು ಪದ್ಧತಿಯನ್ನು ಹೇಳಿಬಿಡಬೇಕು, ನನ್ನ ತಪ್ಪು ಇರುವುದೇ ಅದರಲ್ಲಿ. ಎನಾಮಲ್ ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ಆ ಹಸಿಯ ಮೇಲೆ ಇನ್ನೊಂದು ಕೋಟು ಬಿದ್ದರೆ ಸುಕ್ಕೆದ್ದು ಎಲ್ಲ ಹಾಳು. ಮುಟ್ಟಿದರೆ ಗೊತ್ತಾಗುವುದಿಲ್ಲ, ಮೂಸಿದರೆ ಗೊತ್ತಾಗುತ್ತದೆ. ಹಸಿಯಿದ್ದರೆ ಎಣ್ಣೆಯ ಕಮಟು ವಾಸನೆ ಇನ್ನೂ ಬರುತ್ತಿರುತ್ತದೆ. ಆದರೆ ದಿನವಿಡೀ ಥಿನ್ನರ್ ಹಿಡಿದು ಕೂತವರ ಮೂಗು ಸತ್ತುಹೋಗಿರುತ್ತದಲ್ಲ. ಹಾಗಾಗಿ ಬಣ್ಣ ಹೊಡೆದವರು ತಮ್ಮ ಕೆಲಸವನ್ನು ತಾವೇ ಮೂಸಿ ನೋಡುವಂತಿರಲಿಲ್ಲ. ಬೇರೆ ಒಬ್ಬರು, ಹೊರಗಿನ ಗಾಳಿಯಲ್ಲಿ ಓಡಾಡಿ ಬಂದವರು, ಮೂಗಿಟ್ಟು ನೋಡಿ ಹೇಳಬೇಕು. ಅವರು ಹೇಳಿದ ಮೇಲೆ ಎದುರು ಮಾತಿಲ್ಲ. ಅಪ್ಪನೂ ಅಷ್ಟೆ — ತಾನು ಹೊಡೆದ ಬಣ್ಣಕ್ಕೆ ನನ್ನನ್ನೋ ಗೌರಿಯನ್ನೋ ಕರೆಯುತ್ತಿದ್ದರು.

ಒಂದು ದಿನ ಮೈಸೂರಿನ ಯಜಮಾನರೊಬ್ಬರು ಊಟಿಗೆ ಹೋಗುವ ದಾರಿಯಲ್ಲಿ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದರು. ಅಮೆರಿಕದ ಹಳೆಯ ಕಾರು, ಕಡು ಕೆಂಪು, ಎರಡೇ ಬಾಗಿಲು. ಮಂಚದಷ್ಟು ಉದ್ದದ ಬಾನೆಟ್, ಗುಡುಗುವ ಎಂಜಿನ್. ಬಸ್ಸೊಂದು ಸವರಿಕೊಂಡು ಹೋಗಿ ಒಂದು ಪಕ್ಕ ಗೀಚಿತ್ತು. ಇದನ್ನು ಮಸಲ್ ಕಾರು ಅನ್ನುತ್ತಾರೆ ಎಂದು ಅವರು ಅಪ್ಪನಿಗೆ ವಿವರಿಸಿದರು. ಅಪ್ಪ ಹಿಂದಿನ ಚಕ್ರದ ಮೇಲಿನ ಉಬ್ಬನ್ನು ಸವರಿ, "ಅಂಗಾರೆ ರಟ್ಟೆ ಕಾರು ಅನ್ನಿ ಸಾರ್" ಎಂದರು. ಆ ಹೆಸರೇ ನಮ್ಮಲ್ಲಿ ನಿಂತಿತು.

ಗೀಚಿದ್ದನ್ನು ಸರಿಪಡಿಸಲು ಕಾರು ಎರಡು ದಿನ ನಮ್ಮಲ್ಲಿ ಇತ್ತು. ಆ ಎರಡು ದಿನವೂ ಗೌರಿ ಅದರ ಕೆಳಗೆ, ಮೇಲೆ, ಒಳಗೆ. ನನಗಿಂತ ಆರು ವರ್ಷ ಚಿಕ್ಕವಳು, ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಚಿಕ್ಕಂದಿನಿಂದ ಕೈಯಲ್ಲಿ ಒಂದು ಬ್ಲೇಡು, ಒಂದು ತುಂಡು ಮರ. ದರ್ಜಿಯ ಟೇಪು ಹಿಡಿದು ಇಡೀ ಕಾರನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಡಿಗೆ ಒಂದು ಇಂಚು, ಅದು ಅವಳ ಲೆಕ್ಕ. ಯಜಮಾನರು ಕಾರಿಗೆಂದು ಬಂದಾಗ ಆ ನೋಟ್‌ಬುಕ್ಕು ನೋಡಿದರು, ಕಿಟಕಿಯ ಮೇಲಿಟ್ಟಿದ್ದ ಅವಳ ಕೈಯ ಪುಟ್ಟ ಲಾರಿಯನ್ನೂ ನೋಡಿದರು. ಅವರ ಗೆಳೆಯರೊಬ್ಬರು ಮ್ಯೂಸಿಯಮ್ಮುಗಳಿಗೆ ಮಾದರಿಗಳನ್ನು ಮಾಡಿಕೊಡುವ ಕಾರ್ಖಾನೆ ಇಟ್ಟಿದ್ದರಂತೆ, ಮೈಸೂರಿನಲ್ಲಿ. "ಮೂರು ತಿಂಗಳಿಗೆ ಮತ್ತೆ ಈ ಕಡೆ ಬರ್ತೀನಮ್ಮ. ಈ ಕಾರನ್ನ ಮಾಡಿಟ್ಟಿರು. ಚೆನ್ನಾಗಿದ್ದರೆ ನಾನೇ ಕರ್ಕೊಂಡು ಹೋಗಿ ಕೆಲಸಕ್ಕೆ ಸೇರಿಸ್ತೀನಿ" ಎಂದರು. ಹೋಗುವಾಗ ಹೊಳಪಿಗೆಂದು ಹೊಡೆಯುವ ಲ್ಯಾಕರಿನ ಸಣ್ಣ ಡಬ್ಬಿಯೊಂದನ್ನು ಅವಳ ಕೈಗಿಟ್ಟರು.

ಆಗಲೇ ಗೌರಿಗೆ ಸಂತೆಮರಹಳ್ಳಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಪಂಚಾಯ್ತಿ ಆಫೀಸಿನಲ್ಲಿ ಗುಮಾಸ್ತ, ತಕರಾರಿಲ್ಲದ ಮನೆ. ಅಪ್ಪ ಒಂದು ದಿನವಿಡೀ ಯೋಚನೆ ಮಾಡಿ, ಊಟಕ್ಕೆ ಕೂತಾಗ ಹೇಳಿದರು: "ಆ ಯಜಮಾನ್ರು ಒಪ್ಕಂಡ್ರೆ ಮೈಸೂರು. ಒಪ್ದೆ ಓದ್ರೆ ಸಂತೆಮರಳ್ಳಿ. ಆಮೇಲೆ ನನ್ನ ಅನ್ಬ್ಯಾಡ." ಗೌರಿ ತಟ್ಟೆ ಬಿಟ್ಟು ಎದ್ದು ಅಪ್ಪನ ಕಾಲು ಹಿಡಿದುಕೊಂಡಳು. ನಾನು ಅನ್ನ ಕಲಸುತ್ತಾ ಕೂತಿದ್ದೆ. ನನ್ನ ಮದುವೆಗೆ ಇಂಥ ಎರಡು ದಾರಿ ಯಾರೂ ಇಟ್ಟಿರಲಿಲ್ಲ ಎಂಬುದು ಆಗ ಹೊಳೆಯಿತು. ನನ್ನ ಉರಿ ಅಲ್ಲಿಂದ ಶುರುವಾಯಿತೋ ಏನೋ — ಇಲ್ಲ, ಅದಕ್ಕೂ ಮೊದಲೇ ಇತ್ತು.

ಆಮೇಲಿನ ಮೂರು ತಿಂಗಳು ಅವಳು ಮಾಡಿದ ಕೆಲಸವನ್ನು ನಾನು ಹೇಳಲೇಬೇಕು. ಹೇಳುವುದಕ್ಕೆ ಈಗಲೂ ಬಾಯಿ ಸ್ವಲ್ಪ ಹಿಡಿಯುತ್ತದೆ. ಹಾಲೆ ಮರದಲ್ಲಿ ಬಾಡಿ ಕೆತ್ತಿದಳು, ಒಳಗನ್ನು ಟೊಳ್ಳು ಮಾಡಿ ಗೋಡೆಯನ್ನು ಹಪ್ಪಳದ ಹಾಗೆ ತೆಳುವಾಗಿಸಿದಳು. ಹಳೆಯ ಎಕ್ಸ್-ರೇ ಫಿಲ್ಮನ್ನು ತೊಳೆದು ಗಾಜು ಮಾಡಿದಳು, ಕೆಂಪು ಬಳೆಯ ಚೂರಿನಲ್ಲಿ ಹಿಂದಿನ ದೀಪ. ಇಂಜೆಕ್ಷನ್ ಸೂಜಿಗಳು ಹೊಗೆ ಕೊಳವೆಗಳಾದವು. ಹವಾಯಿ ಚಪ್ಪಲಿಯ ರಬ್ಬರನ್ನು ದುಂಡಗೆ ಕೊರೆದು, ಬ್ಲೇಡಿನಲ್ಲಿ ಒಂದೊಂದೇ ಗೀರು ಹಾಕಿ ಟೈರು ಮಾಡಿದ್ದನ್ನು ನೋಡಿ ಒಬ್ಬ ಮಲಯಾಳಿ ಡ್ರೈವರು "ಅಡಿಪೊಳಿ!" ಎಂದು ಮೆಚ್ಚಿ ಕೂಗಿ ತನ್ನ ಕ್ಲೀನರನ್ನು ಕರೆದ. ಸ್ಟೀಲ್ ಚಮಚ ಬಾಗಿಸಿ ಬಂಪರು. ಅಮ್ಮನ ಕೆಟ್ಟ ವಾಚಿನ ಮುಖ ಡ್ಯಾಶ್‌ಬೋರ್ಡಿಗೆ — ಅಮ್ಮ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಆ ವಾಚನ್ನು ಅಪ್ಪ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ತಾವೇ ಪೆಟ್ಟಿಗೆಯಿಂದ ತೆಗೆದು ಅವಳಿಗೆ ಕೊಟ್ಟರು.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಬೇರೆ ಮಾತಿನಲ್ಲಿ ಇದನ್ನು ಸುತ್ತಿಕೊಡಲು ನನಗೆ ಇಷ್ಟವಿಲ್ಲ. ಲಾರಿ ಬಿಡಲು ಬಂದವರನ್ನೆಲ್ಲ ಅಪ್ಪ ಮೊದಲು ಗೌರಿಯ ಮೂಲೆಗೆ ಕರೆದುಕೊಂಡು ಹೋಗುತ್ತಿದ್ದರು. ಮೊದಲಾದರೆ ನನ್ನ ಹಂಸಗಳನ್ನು ತೋರಿಸುತ್ತಿದ್ದರು. ಈಗ ನಾನು ಏಣಿ ಹತ್ತಿ ಬರೆಯುತ್ತಿದ್ದರೆ ಕೆಳಗೆ ಎಲ್ಲರ ಬೆನ್ನು ನನ್ನ ಕಡೆಗೆ. ಅವರು ಬಗ್ಗಿ, ಉಸಿರು ಹಿಡಿದು ಆ ಹದಿನೇಳು ಇಂಚನ್ನು ನೋಡುತ್ತಿದ್ದರು. ನಾನು ಏಣಿಯ ಮೇಲಿಂದ ಬೇಕೆಂದೇ ಬ್ರಶ್ಶು ಬೀಳಿಸುತ್ತಿದ್ದೆ. ಯಾರಾದರೂ ತಿರುಗಿ ನೋಡಲಿ ಅಂತ. ಒಂದು ಸಲ ಗೌರಿಯೇ ಎದ್ದು ಬಂದು ಬ್ರಶ್ಶು ಎತ್ತಿ, ಒರೆಸಿ, ಮೇಲೆ ಕೊಟ್ಟಳು. ಅದಕ್ಕೂ ನನಗೆ ಸಿಟ್ಟು.

ಆದರೂ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಕಾರಿಗೆ ನಂಬರ್ ಪ್ಲೇಟು ಬೇಕಲ್ಲ, ಹಿಂದೆ ಹೆಸರು ಬರೆಯಬೇಕಲ್ಲ. ಅಕ್ಷರ ಎಂದರೆ ನಾನು. ಬೆಕ್ಕಿನ ಕೂದಲಿನ ಸಣ್ಣ ಬ್ರಶ್ಶೊಂದನ್ನು ಯಾರಿಗೂ ಹೇಳದೆ ಕಟ್ಟಿಟ್ಟುಕೊಂಡಿದ್ದೆ, ಸಿಗರೇಟು ಪ್ಯಾಕಿನ ಮೇಲೆ ಅಭ್ಯಾಸವನ್ನೂ ಮಾಡಿದ್ದೆ. ಕೆಂಪು ಎನಾಮಲ್ಲಿನ ಮೂರನೆಯ ಕೋಟು ಹೊಡೆದು ಕೆಲವು ದಿನವಾದ ಮೇಲೆ ಬ್ರಶ್ಶು ಹಿಡಿದು ಹೋದೆ. ಅಪ್ಪ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯದೇ.

"ಬುಡು ಮಾದೇವಿ, ನಿಂದು ಲಾರಿ ಕೈ. ಇದು ಅವ್ಳೇ ಬರ್ಕತಾಳೆ."

ಲಾರಿ ಕೈ. ನಾನು ಬ್ರಶ್ಶನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ. ಅಲ್ಲಿ ಚಿಕ್ಕಪ್ಪನ ಮನೆ. ಎರಡು ದಿನ ಅಲ್ಲೇ ಇದ್ದೆ. ಮೂರನೆಯ ದಿನ ಮಧ್ಯಾಹ್ನ ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಅತ್ತೆ. ಶೆಡ್ಡಿಗೆ ಬಂದಾಗ ಅಪ್ಪ ಇರಲಿಲ್ಲ, ಬಣ್ಣದ ಡಬ್ಬಿ ತರಲು ಹೋಗಿದ್ದರು. ಯಜಮಾನರು ಮಾರನೆಯ ದಿನ ಬರುವವರಿದ್ದರು. ಗೌರಿ ಥಿನ್ನರಿನಲ್ಲಿ ಕೈ ಅದ್ದಿಕೊಂಡು ಲ್ಯಾಕರ್ ಕಲಸುತ್ತಿದ್ದವಳು ನನ್ನನ್ನು ಕಂಡದ್ದೇ ಮುಖ ಅರಳಿಸಿ ಓಡಿಬಂದಳು.

"ಸದ್ಯ ಬಂದೆಯಲ್ಲಕ್ಕ! ನನ್ ಮೂಗು ಸತ್ತೋಗದೆ. ಒಸಿ ಮೂಗಿಟ್ಟು ನೋಡು, ಒಣಗದಾ ಅಂತ."

ಕಾರನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು. ಅವಳೇ ಬರೆದ ನಂಬರ್ ಪ್ಲೇಟು ನನ್ನ ಕಣ್ಣಿಗೆ ಸರಿಯಾಗಿ ಎದುರಿಗಿತ್ತು. ಚೆನ್ನಾಗಿತ್ತು. ನನ್ನ ಕೈಯಿಂದ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಬಗ್ಗಿ ಮೂಸಿದೆ. ಎಣ್ಣೆಯ ವಾಸನೆ ಸ್ಪಷ್ಟವಾಗಿ ಬಂತು, ಅನುಮಾನಕ್ಕೆ ಎಡೆಯೇ ಇರಲಿಲ್ಲ. ಒಣಗಿಲ್ಲ, ಲ್ಯಾಕರ್ ಬೇಡ, ಇದ್ದ ಹಾಗೇ ತೋರಿಸು — ಇಷ್ಟು ಹೇಳಿದ್ದರೆ ಸಾಕಿತ್ತು. ಹೊಳಪು ಸ್ವಲ್ಪ ಕಡಿಮೆಯಾಗುತ್ತಿತ್ತು, ಅಷ್ಟೆ. ಮೈಸೂರಿಗೆ ಹೋಗುತ್ತಿದ್ದಳು.

"ಒಣಗ್ಬುಟ್ಟದೆ ಕಣಮ್ಮಿ, ಹೊಡಿ" ಎಂದೆ.

ಸ್ಪ್ರೇ ಹಿಡಿದಳು. ಮೊದಲ ಕ್ಷಣ ಆ ಕೆಂಪು ಎಷ್ಟು ಆಳವಾಗಿ ಹೊಳೆಯಿತೆಂದರೆ ನಾನೇ ಒಂದು ಹೆಜ್ಜೆ ಮುಂದೆ ಬಂದೆ. ಆಮೇಲೆ ಬಾನೆಟ್ಟಿನ ತುದಿಯಲ್ಲಿ ಸಣ್ಣ ಸುಕ್ಕೊಂದು ಎದ್ದಿತು. ಕಾದ ಹಾಲಿನ ಕೆನೆ ಮುದುಡುವ ಹಾಗೆ ಅದು ಹರಡುತ್ತಾ ಹೋಯಿತು, ಮೇಲ್ಛಾವಣಿಗೆ, ಬಾಗಿಲಿಗೆ, ಆ ರಟ್ಟೆಗಳಿಗೆ. ಗೌರಿ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಒರೆಸಲು ಹೋದಳು, ಬಣ್ಣದ ಜೊತೆಗೆ ಅಡಿಯಲ್ಲಿ ಮೆತ್ತಿದ್ದ ಪುಟ್ಟಿಯೂ ಎದ್ದು ಬಂತು, ಫಿಲ್ಮಿನ ಗಾಜು ಮಂಜಾಯಿತು, ಅಂಟಿಸಿದ್ದೆಲ್ಲ ಕಳಚಿತು. "ಅಕ್ಕಾ, ಅಕ್ಕಾ" ಎನ್ನುತ್ತಿದ್ದಳು, ನಾನೇನೋ ಮಾಡಬಲ್ಲೆ ಎಂಬಂತೆ. ಸಂತೋಷವಾಯಿತೇ ನನಗೆ? ಆಯಿತು. ಒಂದು ಗಳಿಗೆ. ಆ ಗಳಿಗೆಯನ್ನು ಮುಚ್ಚಿಟ್ಟರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ.

ಅಪ್ಪ ಬಂದರು. ಕಾರನ್ನು ನೋಡಿ ಬಾಗಿಲಲ್ಲೇ ನಿಂತರು. ಅವರು ಕೇಳಿದ್ದು ಒಂದೇ ಮಾತು.

"ಮೂಗಿಟ್ಟು ನೋಡ್ದೋರು ಯಾರು?"

ಗೌರಿ ನನ್ನ ಕಡೆ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ನನ್ನ ಕೇಳ್ಲೇ ಇಲ್ಲ ಕಣಪ್ಪ. ನಾನು ಈಗ ತಾನೆ ಬಂದೆ."

ಅವಳು ನನ್ನನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾಳೆ, ಈಗ — ಎಂದು ನಾನು ಕಾದೆ. ಹೇಳಲಿಲ್ಲ. ತಲೆ ತಗ್ಗಿಸಿ, "ನಾನೇ ಕಣಪ್ಪ. ಆತ್ರ ಬಿದ್ಬುಟ್ಟೆ" ಎಂದಳು. ಮನೆಯಲ್ಲಿ ಯಾವತ್ತೂ ಕೈಯೆತ್ತದ ಅಪ್ಪ ಅವಳ ಬೆನ್ನಿಗೆ ಒಂದು ಹೊಡೆದು, ಆಮೇಲೆ ಹೊರಗೆ ಹೋಗಿ ರಸ್ತೆ ಬದಿಯಲ್ಲಿ ಕೂತರು.

ಯಜಮಾನರು ಮಾರನೆಯ ದಿನ ಬಂದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಎಂಜಿನ್ ನೋಡಿದರು, ಟೈರು ನೋಡಿದರು, ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. "ನಮ್ಮ ಗೌರಿಗೆ ಆತ್ರ ಸಾರ್, ಕೊನೇಲಿ ಕೆಡಿಸ್ಬುಟ್ಲು" ಎಂದರು ಅಪ್ಪ. "ಕೈ ಇದೆ. ಆದರೆ ಆ ಕೆಲಸಕ್ಕೆ ತಾಳ್ಮೆಯೇ ಮುಖ್ಯ ಕಣಮ್ಮ" ಎಂದು ಯಜಮಾನರು ಕಾರನ್ನು ಮೆಲ್ಲಗೆ ಕೆಳಗಿಟ್ಟು ಹೊರಟರು. ಮರುದಿನ ಬೆಳಿಗ್ಗೆ ಗೌರಿ ಅದನ್ನು ಹಂಡೆಯ ಒಲೆಗೆ ಹಾಕಿದಳು. ಆ ನೀರಿನಲ್ಲಿ ನಾನು ಸ್ನಾನ ಮಾಡಿದೆ.

ಎರಡು ತಿಂಗಳಿಗೆ ಸಂತೆಮರಹಳ್ಳಿಗೆ ಮದುವೆಯಾಗಿ ಹೋದಳು. ಗಂಡ ಒಳ್ಳೆಯವನು, ಒಬ್ಬಳು ಮಗಳು, ಚೆನ್ನಾಗಿಯೇ ಇದ್ದಾಳೆ. ಅವಳ ಬಾಳು ಹಾಳಾಯಿತೆಂದು ನಾನು ಬರೆಯಲಾರೆ, ಅದು ಅವಳಿಗೆ ಅವಮಾನ. ಆದರೆ ಬ್ಲೇಡು ಹಿಡಿದು ಒಂದು ಕಡ್ಡಿಯನ್ನೂ ಮತ್ತೆ ಕೆತ್ತಲಿಲ್ಲ. ಇನ್ನೊಂದು — ಅಪ್ಪ ಅಂದು ಆಡಿದ ಮಾತು ಅವಳಿಗೆ ಅಂಟಿಕೊಂಡಿತು. ನಿಶ್ಚಿತಾರ್ಥದಲ್ಲಿ ಬೀಗರಿಗೆ ತಮಾಷೆಗೆಂದು ಹೇಳಿದರು, ಚಿಕ್ಕಪ್ಪನ ಮನೆಯಲ್ಲಿ ಹೇಳಿದರು, ಎಲ್ಲರೂ ನಕ್ಕರು. ಹಾಲು ಉಕ್ಕಿದರೆ "ಆತ್ರದ ಗೌರಿ", ಬಸ್ಸು ತಪ್ಪಿದರೆ "ಆತ್ರದ ಗೌರಿ". ಒಂದೇ ಗೀರನ್ನು ಅರ್ಧ ದಿನ ಕೂತು ಹಾಕುತ್ತಿದ್ದ ಹುಡುಗಿ! ಅವಳೂ ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಎಲ್ಲರಿಗಿಂತ ಜೋರಾಗಿ. ಅಪ್ಪ ತೀರಿಕೊಂಡದ್ದೂ ಆ ನಂಬಿಕೆಯಲ್ಲೇ. ಕೊನೆಯ ವಾರ ಅವಳು ಗಂಜಿ ಕುಡಿಸುವಾಗ, "ಆತ್ರ ಮಾಡ್ಬ್ಯಾಡ ಕಣವ್ವ, ಬಾಯಿ ಸುಟ್ಟಾತು" ಎಂದರು. ನಾನು ಕಾಲ ಬಳಿ ಕೂತಿದ್ದೆ. ಪಾದ ಒತ್ತುತ್ತಾ.

ಈ ವರ್ಷ ಅವಳ ಮನೆಗೆ ಹೋಗಿದ್ದಾಗ ಮಗಳು ಕಾಲೇಜಿನ ಕೆಲಸಕ್ಕೆಂದು ಏನೋ ನಕ್ಷೆ ಬರೆಯುತ್ತಿದ್ದಳು. ಗೌರಿ ಅವಳ ತಲೆ ಸವರಿ, "ನಿಧಾನ್ವಾಗಿ ಮಾಡವ್ವ. ನನ್ನಂಗೆ ಆತ್ರ ಬಿದ್ದು ಕೆಡಿಸ್ಕಬ್ಯಾಡ" ಎಂದಳು. ತಮಾಷೆಗಲ್ಲ. ನಿಜವೆಂದು ನಂಬಿ ಹೇಳಿದಳು. ಅದನ್ನು ನನ್ನಿಂದ ಕೇಳಲಾಗಲಿಲ್ಲ. ಮಗಳನ್ನು ಅಂಗಡಿಗೆ ಕಳಿಸಿ, ಹೇಳಿದೆ. ವಾಸನೆ ಬಂದಿತ್ತು, ಗೊತ್ತಿದ್ದೇ ಹೇಳಿದೆ ಎಂದೆ.

ಅವಳು ಮಗಳ ಪೆನ್ಸಿಲು, ಸ್ಕೇಲುಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿಟ್ಟಳು.

"ನಿನ್ಗೆ ಆವತ್ತು ನೆಗಡಿ ಆಗಿತ್ತು ಅನ್ಕಂಡಿದ್ದೆ ಕಣಕ್ಕ" ಎಂದಳು ಆಮೇಲೆ. "ಮೂಗು ಕೆಂಪಗಿತ್ತು. ಪಾಪ, ವಾಸ್ನೆ ಗೊತ್ತಾಗ್ಲಿಲ್ಲ, ಅಪ್ಪನ ಭಯಕ್ಕೆ ಸುಳ್ಳು ಏಳ್ತಾಳೆ ಅನ್ಕಂಡೆ. ನೀನು ಗಂಡನ ಮನೆ ಬುಟ್ಟು ಬಂದೋಳು. ಶೆಡ್ಡಿಂದ್ಲೂ ಅಪ್ಪ ಓಡಿಸ್ಬುಟ್ರೆ ಎಲ್ಗೋಯ್ತೀಯಾ ಅಂತ..."

ಅಂದು ಅವಳು ತಲೆ ತಗ್ಗಿಸಿದ್ದು ನನಗಾಗಿ. ಬೆನ್ನಿನ ಮೇಲೆ ಬಿದ್ದ ಏಟು, ಕಳೆದುಹೋದ ಮೈಸೂರು, ಎಲ್ಲರ ನಗು — ನನ್ನ ಜಾಗ ಉಳಿಯಲಿ ಎಂದು ಅವಳು ಇದನ್ನೆಲ್ಲ ಹೊತ್ತುಕೊಂಡಿದ್ದಳು. ನಿಜವಾಗಿಯೂ ಅಪ್ಪ ಬರುವ ತನಕವಾದರೂ ತಾನು ಕಾಯಬೇಕಿತ್ತೇನೋ ಎಂದು ಯೋಚಿಸಿ ಯೋಚಿಸಿ ಕೊನೆಗೆ ತನ್ನನ್ನೇ ಆತುರಗಾತಿಯೆಂದು ನಂಬಿಕೊಂಡಿದ್ದಳು.

"ಯಾಕಕ್ಕ?" ಎಂದು ಕೇಳಿದಳು.

"ಹೊಟ್ಟೆಕಿಚ್ಚು ಕಣಮ್ಮಿ" ಎಂದೆ.

"ಅಪ್ಪ ಇದ್ದಾಗ ಏಳ್ಬಾರ್ದಾಗಿತ್ತಾ" ಎಂದಳು. ಎದ್ದು ಒಳಗೆ ಹೋದಳು. ಅಳುವ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ, ಏನೂ ಕೇಳಿಸಲಿಲ್ಲ. ಊಟಕ್ಕೆ ಕರೆಯಲಿಲ್ಲ. ಕತ್ತಲಾಗುವ ಮೊದಲೇ ಬಸ್ಸು ಹತ್ತಿದೆ.

ಆಮೇಲೆ ಚಿಕ್ಕಪ್ಪನ ಮನೆಗೆ ಹೋಗಿ ಎಲ್ಲರನ್ನೂ ಕೂರಿಸಿ ಹೇಳಿದೆ. "ಅಯ್ಯೋ, ಹಳೇದು ಬುಡವ್ವ, ಈಗ್ಯಾಕೆ" ಎಂದರು ಚಿಕ್ಕಪ್ಪ. ನಾನು ಬಿಡಲಿಲ್ಲ. ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕರೆಯಬಾರದು, ಯಾಕೆಂದು ಕೇಳಿದವರಿಗೆ ನನ್ನ ಹೆಸರು ಹೇಳಿ ಎಂದೆ. ಚಿಕ್ಕಮ್ಮ ನನ್ನ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಅದು ನನಗೆ ಸಲ್ಲಬೇಕಾದದ್ದೇ.

ಅಪ್ಪನ ಬಾಯಿಂದ ಆ ಮಾತು ಕೇಳಿದ ಮನೆಗಳು ಇನ್ನೂ ಐದಾರಿವೆ. ಬೀಗರ ಮನೆ ಮೊದಲು. ಗೌರಿ ಇನ್ನೂ ಫೋನ್ ಮಾಡಿಲ್ಲ. ಮಾಡದಿದ್ದರೂ ನಾಳೆ ಆ ಮನೆಗೆ ಹೋಗುತ್ತೇನೆ.